ಮುಚ್ಚಲಿಲ್ಲ, ಚುನಾವಣೆ ಮಾಡಲಿಲ್ಲ ಅಷ್ಟೇ

ವಿಜಯನಗರ ಜಿಲ್ಲಾ ಪಂಚಾಯಿತಿಗೆ ಇವತ್ತಿನವರೆಗೆ ಒಬ್ಬ ಅಧ್ಯಕ್ಷರೂ ಆಗಿಲ್ಲ, ಒಬ್ಬ ಸದಸ್ಯರೂ ಗೆದ್ದು ಬಂದಿಲ್ಲ. ಬಳ್ಳಾರಿಯಿಂದ ಬೇರೆಯಾಗಿ ಈ ಜಿಲ್ಲೆ ಹುಟ್ಟಿದ್ದು 2021ರಲ್ಲಿ. ಅದೇ ವರ್ಷ ರಾಜ್ಯದ ಎಲ್ಲ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ ಮುಗಿಯಿತು. ಆಮೇಲೆ ಚುನಾವಣೆಯೇ ನಡೆದಿಲ್ಲ. ಹೊಸಪೇಟೆಯಲ್ಲಿ ಕಚೇರಿ ಇದೆ, ಬೋರ್ಡಿದೆ, ಸಿಇಒ ಇದ್ದಾರೆ, ಆಡಳಿತಾಧಿಕಾರಿ ಇದ್ದಾರೆ. ಜನ ಆರಿಸಿ ಕಳಿಸಿದವರು ಮಾತ್ರ ಇಲ್ಲ.

ನಾನು ಹರಪನಹಳ್ಳಿ ತಾಲ್ಲೂಕಿನವನು, ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಾಗಿ ನಿವೃತ್ತನಾದವನು. ನಮ್ಮ ತಾಲ್ಲೂಕಿನ ಜಾತಕವೇ ವಿಚಿತ್ರ. 1953ರವರೆಗೆ ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆ. ಆಮೇಲೆ ಮೈಸೂರು ರಾಜ್ಯದ ಬಳ್ಳಾರಿ ಜಿಲ್ಲೆ. 1997ರಲ್ಲಿ ಹೊಸದಾಗಿ ಆದ ದಾವಣಗೆರೆ ಜಿಲ್ಲೆಗೆ ಸೇರಿದೆವು. ಕಲ್ಯಾಣ ಕರ್ನಾಟಕಕ್ಕಿರುವ ಸಂವಿಧಾನದ 371ಜೆ ವಿಧಿಯ ಸವಲತ್ತು ಕೈತಪ್ಪಿತೆಂದು ಹೋರಾಟ ನಡೆದು 2018ರಲ್ಲಿ ಮತ್ತೆ ಬಳ್ಳಾರಿಗೆ ಬಂದೆವು. ಈಗ ವಿಜಯನಗರ. ನಾವು ಇದ್ದಲ್ಲೇ ಇದ್ದೇವೆ, ಜಿಲ್ಲೆ ಮಾತ್ರ ಓಡಾಡುತ್ತಿದೆ. 1987 ಮತ್ತು 1995ರಲ್ಲಿ ನಾವು ಬಳ್ಳಾರಿಗೆ ಸದಸ್ಯರನ್ನು ಆರಿಸಿ ಕಳಿಸಿದೆವು. 2000ದಿಂದ 2016ರವರೆಗೆ ದಾವಣಗೆರೆಗೆ ಕಳಿಸಿದೆವು. ಹೊಸಪೇಟೆಗೆ ಯಾರನ್ನೂ ಕಳಿಸಿಲ್ಲ.

ಮೇಷ್ಟ್ರ ಕೆಲಸ ಅಂದ ಮೇಲೆ ಚುನಾವಣೆ ಡ್ಯೂಟಿ ತಪ್ಪಿದ್ದಲ್ಲ. ಮೂರು ದಶಕಗಳ ಜಿಲ್ಲಾ ಪರಿಷತ್ತು, ಜಿಲ್ಲಾ ಪಂಚಾಯಿತಿ ಚುನಾವಣೆಗಳನ್ನು ನಾನು ಮತಗಟ್ಟೆಯ ಮೇಜಿನ ಹಿಂದೆ ಕೂತು ನೋಡಿದವನು. ಅದರ ಬಲದ ಮೇಲೆ ಒಂದು ಮಾತು ಹೇಳುತ್ತೇನೆ. ಕರ್ನಾಟಕದಲ್ಲಿ ಜಿಲ್ಲಾ ಮಟ್ಟದ ಜನಾಡಳಿತವನ್ನು ಮುಚ್ಚುತ್ತೇವೆಂದು ಯಾವ ಸರ್ಕಾರವೂ ಬಾಯಿಬಿಟ್ಟು ಹೇಳಿಲ್ಲ. ಆ ಧೈರ್ಯ ಯಾರಿಗೂ ಇಲ್ಲ. ಅವಧಿ ಮುಗಿಯಲು ಬಿಡುತ್ತಾರೆ, ಆಮೇಲೆ ಚುನಾವಣೆ ಮಾಡುವುದಿಲ್ಲ. ಅಷ್ಟರಲ್ಲಿ ಕೆಲಸ ಮುಗಿಯುತ್ತದೆ. ಪಕ್ಷ ಬದಲಾಗಿದೆ, ದಶಕ ಬದಲಾಗಿದೆ, ಈ ವರಸೆ ಬದಲಾಗಿಲ್ಲ.

ನಮ್ಮ ಅಜ್ಜನ ಕಾಲಕ್ಕೆ ಬಳ್ಳಾರಿಯಲ್ಲಿ ಡಿಸ್ಟ್ರಿಕ್ಟ್ ಬೋರ್ಡ್ ಇತ್ತು. ಬೋರ್ಡ್ ರಸ್ತೆ, ಬೋರ್ಡ್ ಹೈಸ್ಕೂಲು ಎಂದು ಹಳಬರು ಈಗಲೂ ಅನ್ನುತ್ತಾರೆ. ಕನ್ನಡ ಪ್ರದೇಶಗಳು ಒಂದಾದ ಮೇಲೆ 1959ರ ಮೈಸೂರು ಗ್ರಾಮ ಪಂಚಾಯಿತಿ ಮತ್ತು ಸ್ಥಳೀಯ ಮಂಡಳಿಗಳ ಕಾಯ್ದೆ ಬಂತು. ಹಳ್ಳಿಗೆ ಪಂಚಾಯಿತಿ, ತಾಲ್ಲೂಕಿಗೆ ಅಭಿವೃದ್ಧಿ ಮಂಡಳಿ. ಇದನ್ನೇ ಜನ ತಾಲ್ಲೂಕು ಬೋರ್ಡ್ ಅಂದರು. ಇದಕ್ಕೆ ಜನರೇ ನೇರವಾಗಿ ಓಟು ಹಾಕಿ ಸದಸ್ಯರನ್ನು ಆರಿಸುತ್ತಿದ್ದರು. ಜಿಲ್ಲೆಗೆ ಬಂದದ್ದು ಜಿಲ್ಲಾ ಅಭಿವೃದ್ಧಿ ಪರಿಷತ್ತು. ಅದಕ್ಕೆ ಚುನಾವಣೆ ಇರಲಿಲ್ಲ. ಜಿಲ್ಲಾಧಿಕಾರಿಯೇ ಅಧ್ಯಕ್ಷರು, ಸುತ್ತ ಶಾಸಕರು, ಸಂಸದರು, ಬೋರ್ಡ್ ಅಧ್ಯಕ್ಷರು, ಇಲಾಖೆ ಅಧಿಕಾರಿಗಳು. ಸಲಹೆ ಕೊಡಬಹುದಿತ್ತು, ಚಹಾ ಕುಡಿಯಬಹುದಿತ್ತು.

ಇದು ಸಾಲದು, ಜಿಲ್ಲೆಗೊಂದು ಅಧಿಕಾರವುಳ್ಳ ಪರಿಷತ್ತು ಬೇಕು ಎಂದು 1963ರಲ್ಲೇ ಕೊಂಡಜ್ಜಿ ಬಸಪ್ಪ ಸಮಿತಿ ಹೇಳಿತು. ಕೊಂಡಜ್ಜಿ ಹರಿಹರದ ಪಕ್ಕದ ಊರು, ನಮಗೆ ನೆರೆಯವರೇ. ವರದಿ ಇಪ್ಪತ್ತು ವರ್ಷ ಕಪಾಟಿನಲ್ಲಿ ಮಲಗಿತು. ಇದ್ದ ತಾಲ್ಲೂಕು ಬೋರ್ಡುಗಳ ಗತಿಯೂ ಅಷ್ಟಕ್ಕಷ್ಟೆ. 1968ರ ನಂತರ ಅವಕ್ಕೆ ಚುನಾವಣೆ ನಡೆದದ್ದು 1978ರಲ್ಲಿ. ಹತ್ತು ವರ್ಷ. 1968ರಲ್ಲಿ ಒಂದನೇ ತರಗತಿಗೆ ಸೇರಿದ ಮಗು ಎಸ್ಸೆಸ್ಸೆಲ್ಸಿ ಮುಗಿಸುವಷ್ಟು ಕಾಲ.

ಆ ಬೋರ್ಡುಗಳಿಂದ ಎಂಥವರು ಬಂದರು ಎನ್ನುವುದನ್ನು ನೆನೆಯಬೇಕು. ಎಚ್.ಡಿ. ದೇವೇಗೌಡರು ಹೊಳೆನರಸೀಪುರ ತಾಲ್ಲೂಕು ಬೋರ್ಡ್ ಸದಸ್ಯರಾಗಿದ್ದವರು, ಪ್ರಧಾನಿಯಾದರು. ಸಿದ್ದರಾಮಯ್ಯನವರು 1978ರಲ್ಲಿ ಮೈಸೂರು ತಾಲ್ಲೂಕು ಬೋರ್ಡಿಗೆ ಗೆದ್ದು ರಾಜಕೀಯಕ್ಕೆ ಕಾಲಿಟ್ಟವರು, ಎರಡು ಸಲ ಮುಖ್ಯಮಂತ್ರಿಯಾದರು. ಅಪ್ಪನ ಹೆಸರಿಲ್ಲದೆ, ಗಂಟು ಹಣವಿಲ್ಲದೆ ಹಳ್ಳಿಯ ಹುಡುಗನೊಬ್ಬ ಮೇಲೆ ಬರಲು ಇದ್ದ ಮೆಟ್ಟಿಲು ಅದೇ. ಹತ್ತಿ ಹೋದವರೇ ಈಗ ಆ ಮೆಟ್ಟಿಲನ್ನು ನೆನಪಿಟ್ಟುಕೊಳ್ಳಬೇಕಿತ್ತು.

ಇನ್ನು 1987ಕ್ಕೆ ಬರೋಣ. 1983ರಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಸರ್ಕಾರ ಬಂತು. ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾದವರು ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್. ಹಳ್ಳಿ ಹಳ್ಳಿಗೆ ಬೋರ್‌ವೆಲ್ ಕೊರೆಸಿದ್ದಕ್ಕೆ ಜನ ಅವರನ್ನು ನೀರ್ ಸಾಬ್ ಎಂದು ಕರೆದರು. ಆದರೆ ಅವರ ದೊಡ್ಡ ಕೆಲಸ ನೆಲದೊಳಗಿನದಲ್ಲ, ಕಾಯ್ದೆ ಪುಸ್ತಕದೊಳಗಿನದು. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳ ಕಾಯ್ದೆಯನ್ನು 1983ರಲ್ಲೇ ಶಾಸನಸಭೆ ಒಪ್ಪಿತು. ರಾಷ್ಟ್ರಪತಿಗಳ ಅಂಕಿತ ಬೀಳಲು 1985 ಆಯಿತು. 1987ರ ಜನವರಿಯಲ್ಲಿ ಚುನಾವಣೆ. 887 ಜಿಲ್ಲಾ ಪರಿಷತ್ ಸ್ಥಾನಗಳು, ಎರಡೂವರೆ ಸಾವಿರಕ್ಕೂ ಹೆಚ್ಚು ಮಂಡಲ ಪಂಚಾಯಿತಿಗಳು. ಹೆಂಗಸರಿಗೆ ಶೇ 25 ಮೀಸಲು. ಸಂವಿಧಾನದ 73ನೇ ತಿದ್ದುಪಡಿ ದೇಶಕ್ಕೆಲ್ಲ ಮಹಿಳಾ ಮೀಸಲಾತಿ ತರುವುದಕ್ಕೆ ಇನ್ನೂ ಆರು ವರ್ಷ ಬಾಕಿ ಇದ್ದಾಗಿನ ಮಾತಿದು.

ಆಗ ನಾನು ಕೆಲಸಕ್ಕೆ ಸೇರಿ ಸ್ವಲ್ಪ ವರ್ಷವಾಗಿತ್ತು. ಮಸ್ಟರಿಂಗ್ ಮುಗಿಸಿ, ಮತಪೆಟ್ಟಿಗೆ, ಅರಗು, ಟ್ಯಾಗು, ಶಾಯಿ ಬಾಟಲಿ, ಸ್ವಸ್ತಿಕದ ರಬ್ಬರ್ ಮೊಹರು ಎಲ್ಲ ಎಣಿಸಿಕೊಂಡು ಲಾರಿ ಹತ್ತಿ ಹೊರಟೆವು. ಹಳ್ಳಿ ಶಾಲೆಯಲ್ಲೇ ರಾತ್ರಿ ಠಿಕಾಣಿ. ಊರವರು ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ತಂದುಕೊಟ್ಟರು. ಯಾವ ಪಕ್ಷದವರ ಮನೆಯ ರೊಟ್ಟಿ ಎಂದು ನಮ್ಮ ಮತಗಟ್ಟೆಯ ಮುಖ್ಯಸ್ಥರಾದ ಪಿಆರ್‌ಒ ಸಾಹೇಬರು ವಿಚಾರಿಸಿದ ಮೇಲೇ ಕೈ ತೊಳೆದದ್ದು. ಎರಡೂ ಪಕ್ಷದವರ ಮನೆಯಿಂದ ಒಂದೊಂದು ಬುಟ್ಟಿ ಬಂದಿದೆ ಎಂದು ತಿಳಿದ ಮೇಲೆ ನೆಮ್ಮದಿಯಾಗಿ ಉಂಡರು.

ಬೆಳಿಗ್ಗೆ ಬಂದ ಮುದುಕಿಯೊಬ್ಬರು ಮತಪತ್ರ ಕೈಯಲ್ಲಿ ಹಿಡಿದು ಕೇಳಿದರು: ‘ತಮ್ಮಾ, ಇಲ್ಲಿ ಒತ್ತಿದ್ರ ಬೆಂಗ್ಳೂರಿಗೆ ಹೊಕ್ಕೈತೋ, ಬಳ್ಳಾರಿಗೆ ಹೊಕ್ಕೈತೋ?’ ಬಳ್ಳಾರಿಗೆ ಅಜ್ಜಿ ಎಂದೆ. ‘ಹಂಗಾರ ಹೋಗಿ ಕೇಳಬೌದು’ ಎಂದು ಮರೆಗೆ ಹೋದರು. ಬಳ್ಳಾರಿಯೂ ನಮಗೆ ನೂರು ಕಿಲೋಮೀಟರಿನಾಚೆಯದೇ. ಆದರೂ ಬಸ್ಸು ಹತ್ತಿ ಹೋಗಿ ಸಂಜೆಗೆ ಬರಬಹುದಾದ ಊರು. ವಿಧಾನಸೌಧ ಹಾಗಲ್ಲ. ಪಂಚಾಯತ್ ರಾಜ್ ಬಗ್ಗೆ ನಾನು ಆಮೇಲೆ ಓದಿದ ಯಾವ ವರದಿಯೂ ವಿಷಯವನ್ನು ಇಷ್ಟು ಚೊಕ್ಕವಾಗಿ ಹೇಳಲಿಲ್ಲ.

ಆ ಪರಿಷತ್ತಿಗೆ ಇದ್ದ ತೂಕ ಈಗಿನವರಿಗೆ ನಂಬಲು ಕಷ್ಟ. ಸುಮಾರು 28,000 ಜನಸಂಖ್ಯೆಗೆ ಒಬ್ಬ ಸದಸ್ಯ. ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಪರಿಷತ್ತಿನ ಮುಖ್ಯ ಕಾರ್ಯದರ್ಶಿಯಾಗಿ ಬಂದ ಐಎಎಸ್ ಅಧಿಕಾರಿ ಜಿಲ್ಲಾಧಿಕಾರಿಗಿಂತ ಹಿರಿಯರು. ಶಾಲೆ, ಆಸ್ಪತ್ರೆ, ಕೃಷಿ, ಪಶುವೈದ್ಯ, ಸಣ್ಣ ನೀರಾವರಿ, ಹಳ್ಳಿ ರಸ್ತೆ ಎಲ್ಲ ಅವರ ಕೈಗೆ ಬಂತು. ತಾಲ್ಲೂಕಿಗೆ ಒಂದು ಸಮಿತಿ ಇಟ್ಟು ಶಾಸಕರನ್ನೇ ಅದರ ಅಧ್ಯಕ್ಷರನ್ನಾಗಿ ಮಾಡಿದರು, ಆದರೆ ಅದಕ್ಕೆ ಹೇಳಿಕೊಳ್ಳುವಂಥ ಅಧಿಕಾರ ಕೊಡಲಿಲ್ಲ. ಶಾಸಕರ ಸಿಟ್ಟಿನ ಬೇರು ಇಲ್ಲಿದೆ.

ನಮ್ಮ ಮೇಷ್ಟ್ರ ಪಾಡು ಹೇಳುತ್ತೇನೆ. ಅದುವರೆಗೆ ನಮ್ಮ ಮೇಲಿದ್ದವರು ಇನ್‌ಸ್ಪೆಕ್ಟರು. ಅವರು ಬರುವ ಸುದ್ದಿ ಎರಡು ದಿನ ಮುಂಚೆಯೇ ಬರುತ್ತಿತ್ತು, ಶಾಲೆಗೆ ಸುಣ್ಣ ಬಳಿಯುವಷ್ಟು ಪುರಸೊತ್ತು ಇರುತ್ತಿತ್ತು. ಪರಿಷತ್ ಸದಸ್ಯ ಹಾಗಲ್ಲ. ಪಕ್ಕದ ಊರಿನವನೇ. ಒಂದು ದಿನ ಹತ್ತು ಗಂಟೆಗೆ ಸರಿಯಾಗಿ ರಾಜದೂತ್ ಬೈಕಿನಲ್ಲಿ ಬಂದು ಇಳಿದ. ನಮ್ಮ ಮೂವರಲ್ಲಿ ಇದ್ದವರು ಇಬ್ಬರು. ಹಾಜರಿ ಪುಸ್ತಕ ಕೇಳಿದ. ಇಲ್ಲದ ಮೂರನೆಯವರ ಸಹಿ ಅವತ್ತಿನದಷ್ಟೇ ಅಲ್ಲ, ಮರುದಿನದ್ದೂ ಆಗಿತ್ತು. ಸದಸ್ಯ ಕೂಗಾಡಲಿಲ್ಲ. ‘ಮೇಷ್ಟ್ರ ಭಾಳ ಮುಂದಾಲೋಚನೆ ಐತಿ ಬಿಡ್ರೀ’ ಎಂದು ನಕ್ಕು, ತನ್ನ ಡೈರಿಯಲ್ಲಿ ಬರೆದುಕೊಂಡು ಹೋದ. ಆ ಮೇಷ್ಟ್ರು ಮರುವಾರದಿಂದ ಮೊದಲ ಬಸ್ಸಿಗೇ ಬರತೊಡಗಿದರು.

ನಮ್ಮವರಿಗೆ ಇದು ಹಿತವಾಗಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾಗದವನು ನಮ್ಮ ಹಾಜರಿ ನೋಡುವುದೇ ಎಂಬ ಗೊಣಗಾಟ ಎಲ್ಲ ಕಡೆ ಇತ್ತು. ಡಾಕ್ಟರುಗಳದೂ ಅದೇ ರಾಗ. ಆದರೆ ಆ ವರ್ಷಗಳಲ್ಲಿ ಹಳ್ಳಿಗಳಲ್ಲಿ ಮೇಷ್ಟ್ರು, ಡಾಕ್ಟರು ಕೆಲಸಕ್ಕೆ ಬರುವುದು ಸುಧಾರಿಸಿತು ಎಂದು ಕರ್ನಾಟಕದ ಪ್ರಯೋಗವನ್ನು ಅಧ್ಯಯನ ಮಾಡಿದವರು ಬರೆದರು. ರಿಸರ್ವ್ ಬ್ಯಾಂಕಿನ ಡೆಪ್ಯುಟಿ ಗವರ್ನರ್ ಆಗಿದ್ದ ಕೆ.ಎಸ್. ಕೃಷ್ಣಸ್ವಾಮಿಯವರ ನೇತೃತ್ವದ ಸಮಿತಿ 1989ರಲ್ಲಿ ಇಡೀ ವ್ಯವಸ್ಥೆಯನ್ನು ಪರಿಶೀಲಿಸಿ ವರದಿ ಕೊಟ್ಟಿತು. ಅಂದರೆ ನೋಡಿ, ಪರಿಷತ್ತುಗಳು ಹುಟ್ಟಿ ಎರಡು ವರ್ಷ ತುಂಬುವಷ್ಟರಲ್ಲಿ ಅವನ್ನು ಪರೀಕ್ಷೆಗೆ ಕೂರಿಸಿದರು. ವಿಧಾನಸಭೆಗೆ ಅಂಥ ಪರೀಕ್ಷೆಯನ್ನು ಯಾರೂ ಇಟ್ಟದ್ದಿಲ್ಲ.

ಆ ಹೊತ್ತಿಗೆ ನಜೀರ್ ಸಾಬರು ಇರಲಿಲ್ಲ, 1988ರಲ್ಲೇ ತೀರಿಕೊಂಡಿದ್ದರು. 1989ರ ಕೊನೆಗೆ ಸರ್ಕಾರ ಬದಲಾಯಿತು, ಕಾಂಗ್ರೆಸ್ ಬಂತು. ಪರಿಷತ್ತುಗಳನ್ನು ಜನತಾ ಪಕ್ಷದ ಕೂಸು ಎಂದು ನೋಡುವವರು ಹೆಚ್ಚಾದರು. ವಾಸ್ತವದಲ್ಲಿ 1987ರ ಚುನಾವಣೆಯಲ್ಲಿ ಕಾಂಗ್ರೆಸ್ ಕೂಡ ಹಲವು ಜಿಲ್ಲೆಗಳನ್ನು ಗೆದ್ದಿತ್ತು. ಬೆಂಗಳೂರಿನಲ್ಲಿ ಒಂದು ಪಕ್ಷ, ಜಿಲ್ಲೆಯಲ್ಲಿ ಇನ್ನೊಂದು ಪಕ್ಷ ಆಳಬಹುದು ಎಂಬುದನ್ನು ನಮ್ಮ ಮತದಾರರು ಆಗಲೇ ತೋರಿಸಿಕೊಟ್ಟಿದ್ದರು. 1992ರ ಆರಂಭದಲ್ಲಿ ಪರಿಷತ್ತುಗಳ ಐದು ವರ್ಷ ಮುಗಿಯಿತು. ಮುಂದಿನ ಚುನಾವಣೆ ಯಾವಾಗ ಎಂದು ಕೇಳಿದವರಿಗೆ ಸಿಕ್ಕ ಉತ್ತರ ಹೊಸ ಕಾಯ್ದೆ ಬರುತ್ತದೆ, ತಾಳಿ ಎಂದು. ಆಡಳಿತಾಧಿಕಾರಿಗಳು ಬಂದು ಕೂತರು. ಮುಚ್ಚಿದ್ದೇವೆಂದು ಯಾರೂ ಹೇಳಲಿಲ್ಲ. ಚುನಾವಣೆ ಮಾಡಲಿಲ್ಲ ಅಷ್ಟೇ. ಇಡೀ ದೇಶವೇ ಮಾದರಿ ಎಂದು ನೋಡಲು ಬರುತ್ತಿದ್ದ ಸಂಸ್ಥೆ ಸದ್ದಿಲ್ಲದೆ ಹೋಯಿತು.

ಅದನ್ನು ಉಳಿಸಿದ್ದು ಸಂವಿಧಾನ. 1993ರ ಏಪ್ರಿಲ್‌ನಲ್ಲಿ 73ನೇ ತಿದ್ದುಪಡಿ ಜಾರಿಗೆ ಬಂತು. ಪಂಚಾಯಿತಿಯ ಅವಧಿ ಐದು ವರ್ಷ, ಅದಕ್ಕಿಂತ ಒಂದು ದಿನವೂ ಹೆಚ್ಚಿಲ್ಲ, ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕು ಎನ್ನುತ್ತದೆ 243ಇ ವಿಧಿ. ಅದಕ್ಕೆ ತಕ್ಕಂತೆ ಅದೇ ವರ್ಷ ನಮ್ಮ ರಾಜ್ಯದ ಹೊಸ ಕಾಯ್ದೆಯೂ ಬಂತು. ಆಗ ಪಂಚಾಯತ್ ರಾಜ್ ಖಾತೆ ನೋಡುತ್ತಿದ್ದವರು ಆಗಿನ ನಮ್ಮದೇ ಬಳ್ಳಾರಿ ಜಿಲ್ಲೆಯ ಸಂಡೂರಿನ ಎಂ.ವೈ. ಘೋರ್ಪಡೆ. ಪರಿಷತ್ತು ಹೋಗಿ ಪಂಚಾಯಿತಿಯಾಯಿತು, ಮುಖ್ಯ ಕಾರ್ಯದರ್ಶಿ ಹೋಗಿ ಸಿಇಒ ಬಂದರು. ಒಬ್ಬ ಸದಸ್ಯನ ಪಾಲಿಗೆ ಬರುವ ಜನಸಂಖ್ಯೆ 40,000ಕ್ಕೆ ಏರಿತು. ಹಳೆಯ ತೂಕ ಇಳಿಯಿತು, ಆದರೆ ದಿನಾಂಕಕ್ಕೆ ಒಂದು ಕಾವಲು ಸಿಕ್ಕಿತು. 1995, 2000, 2005, 2010, 2016. ಚೂರು ಆಚೀಚೆ ಆದರೂ ಐದು ಚುನಾವಣೆಗಳು ಒಂದರ ಹಿಂದೆ ಒಂದು ನಡೆದವು. ಜನತಾದಳ, ಕಾಂಗ್ರೆಸ್, ಬಿಜೆಪಿ ಎಲ್ಲರೂ ಆಳಿದ ಕಾಲವಿದು. ಇಷ್ಟು ಉದ್ದದ ಸಾಲು ಅದಕ್ಕೆ ಮೊದಲು ಎಂದೂ ಇರಲಿಲ್ಲ, ಆಮೇಲೂ ಇಲ್ಲ.

ಆ ಕಾಲದ ಜಿಲ್ಲಾ ಪಂಚಾಯಿತಿಗಳು ಚಿನ್ನದಂಥವು ಎಂದು ನಾನು ಹೇಳುವುದಿಲ್ಲ. ಅಧ್ಯಕ್ಷರ ಅವಧಿಯನ್ನು 20 ತಿಂಗಳಿಗೆ ಕತ್ತರಿಸಿಟ್ಟಿದ್ದರು. ಕಡತ ಓದುವುದು ಕಲಿಯುವಷ್ಟರಲ್ಲಿ ಕುರ್ಚಿ ಬಿಡಬೇಕು. ಬಿಡಲು ಒಲ್ಲೆ ಎಂದರೆ ಅವಿಶ್ವಾಸ, ಅವಿಶ್ವಾಸ ಎಂದರೆ ಬಸ್ಸು, ಬಸ್ಸು ಎಂದರೆ ರೆಸಾರ್ಟು. ಗುತ್ತಿಗೆದಾರರೇ ಸದಸ್ಯರಾದದ್ದು, ಸದಸ್ಯರೇ ಗುತ್ತಿಗೆದಾರರಾದದ್ದು ಎರಡನ್ನೂ ನೋಡಿದ್ದೇವೆ. ಹೆಂಡತಿ ಸದಸ್ಯೆ, ಗಂಡ ಸಭೆಯ ಬಾಗಿಲ ಹೊರಗೆ ಫೋನು ಹಿಡಿದು ನಿಂತಿರುವುದೂ ಗೊತ್ತಿರುವ ಚಿತ್ರವೇ.

ಹಾಗೆಂದು ಚಿತ್ರ ಅಲ್ಲಿಗೇ ನಿಲ್ಲಲಿಲ್ಲ. 1993ರ ಕಾಯ್ದೆ ಹೆಂಗಸರಿಗೆ ಮೂರನೇ ಒಂದು ಭಾಗ ಮೀಸಲಿಟ್ಟಿತ್ತು, 2010ರಲ್ಲಿ ಅದು ಅರ್ಧವಾಯಿತು. ನಮ್ಮ ಕಡೆ ಒಬ್ಬ ಸದಸ್ಯೆ ಮೊದಲ ವರ್ಷ ಗಂಡನ ಜೊತೆಯೇ ಶಾಲೆಗೆ ಬರುತ್ತಿದ್ದರು. ಮಾತೆಲ್ಲ ಗಂಡನದೇ. ಎರಡನೇ ವರ್ಷ ಗಂಡ ಬಾಗಿಲ ಬಳಿ ನಿಲ್ಲತೊಡಗಿದ. ಮೂರನೇ ವರ್ಷ ಆಯಮ್ಮ ಒಬ್ಬರೇ ಬಂದು, ಬಿಸಿಯೂಟದ ಕೋಣೆಗೆ ನೇರ ನಡೆದು, ಬೇಳೆ ಡಬ್ಬಿಯ ಮುಚ್ಚಳ ತೆಗೆದು ನೋಡಿ, ‘ಮೇಷ್ಟ್ರೇ, ಇದರಾಗ ಹುಳ ಅದಾವ, ಇವತ್ತೇ ಬದಲಿಸ್ರಿ’ ಎಂದರು. ಐದು ವರ್ಷದ ಅವಧಿಗೆ ಇರುವ ಬೆಲೆ ಇದು. ಜನಪ್ರತಿನಿಧಿಯಾಗುವುದನ್ನೂ ಕಲಿಯಲು ಸಮಯ ಬೇಕು, ಕಲಿತ ಮೇಲೆ ಮುಂದಿನವರಿಗೆ ದಾರಿ ಇರಬೇಕು.

2016ರಲ್ಲಿ ಕೊನೆಯ ಚುನಾವಣೆ ನಡೆದಾಗ ರಾಜ್ಯದ ಜಿಲ್ಲಾ ಪಂಚಾಯಿತಿಗಳಲ್ಲಿ 1,083 ಸ್ಥಾನ, ತಾಲ್ಲೂಕು ಪಂಚಾಯಿತಿಗಳಲ್ಲಿ 3,884 ಸ್ಥಾನ ಇದ್ದವು. ಎರಡೂ ಕೂಡಿ ಐದು ಸಾವಿರದ ಹತ್ತಿರ. ಅರ್ಧ ಹೆಂಗಸರವು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗದವರಿಗೆ ಅವರವರ ಪಾಲು. ಈ ಇಡೀ ಪಡೆ 2021ರಲ್ಲಿ ಮನೆಗೆ ಹೋಯಿತು, ಜಾಗಕ್ಕೆ ಯಾರೂ ಬರಲಿಲ್ಲ. ಹಳ್ಳಿಯ ಕರ್ನಾಟಕದಲ್ಲಿ ಈಗ ಗ್ರಾಮ ಪಂಚಾಯಿತಿ ಸದಸ್ಯನಿಗೂ ಶಾಸಕನಿಗೂ ನಡುವೆ ಆರಿಸಿ ಬಂದವರು ಒಬ್ಬರೂ ಇಲ್ಲ.

ಇದಾದದ್ದು ಹೇಗೆ? ಅವಧಿ ಮುಗಿಯುವ ಹೊತ್ತಿಗೆ ಕೋವಿಡ್ ಇತ್ತು, ಸರಿ, ಒಪ್ಪೋಣ. 2021ರಲ್ಲೇ ರಾಜ್ಯ ಚುನಾವಣಾ ಆಯೋಗ ಕ್ಷೇತ್ರ ವಿಂಗಡಿಸಿ, ಮೀಸಲಾತಿಯ ಕರಡನ್ನೂ ಹೊರಡಿಸಿತು. ಆಗ ಸರ್ಕಾರ ಕಾಯ್ದೆಯನ್ನೇ ತಿದ್ದಿತು. ಕ್ಷೇತ್ರ ವಿಂಗಡಿಸುವ, ಮೀಸಲಾತಿ ನಿಗದಿ ಮಾಡುವ ಅಧಿಕಾರ ಆಯೋಗದ ಕೈಯಿಂದ ಹೋಯಿತು. ಸರ್ಕಾರ ನೇಮಿಸುವ ಸೀಮಾ ನಿರ್ಣಯ ಆಯೋಗ ಬಂತು. ಚುನಾವಣಾ ಆಯೋಗ ಹೈಕೋರ್ಟಿಗೆ ಹೋಯಿತು. ಹಿಂದುಳಿದ ವರ್ಗಗಳ ಮೀಸಲಾತಿಗೆ ಸುಪ್ರೀಂ ಕೋರ್ಟ್ ಹೇಳಿದ ಅಧ್ಯಯನ ಬೇಕೆಂದು ನ್ಯಾಯಮೂರ್ತಿ ಭಕ್ತವತ್ಸಲ ಆಯೋಗ ಬಂತು, 2022ರಲ್ಲಿ ವರದಿಯನ್ನೂ ಕೊಟ್ಟಿತು. ಮತ್ತೆ ಮತ್ತೆ ಕಾಲಾವಕಾಶ ಕೇಳಿದ ಸರ್ಕಾರಕ್ಕೆ ಹೈಕೋರ್ಟ್ 2022ರ ಡಿಸೆಂಬರ್‌ನಲ್ಲಿ ಐದು ಲಕ್ಷ ರೂಪಾಯಿ ದಂಡ ಹಾಕಿತು. ಆ ದಂಡವನ್ನು ತೆತ್ತವರೂ ಕೊನೆಗೆ ನಾವೇ, ತೆರಿಗೆ ಕಟ್ಟುವವರು.

ಅದು ಬಿಜೆಪಿ ಸರ್ಕಾರ. 2023ರ ಮೇ ತಿಂಗಳಲ್ಲಿ ಕಾಂಗ್ರೆಸ್ ಬಂತು. ವಿರೋಧ ಪಕ್ಷದಲ್ಲಿದ್ದಾಗ ಚುನಾವಣೆ ಎಲ್ಲಿ ಎಂದು ಕೇಳಿದವರು ಈಗ ಮಾಡುತ್ತೇವೆ, ಆಗುತ್ತದೆ ಎನ್ನತೊಡಗಿದರು. ಮಾಡಬಹುದಾಗಿದ್ದವರು ವಿರೋಧ ಪಕ್ಷಕ್ಕೆ ಹೋದರು. ವಿಂಗಡಣೆ ಮುಗಿದರೆ ಮೀಸಲಾತಿ, ಮೀಸಲಾತಿ ಮುಗಿದರೆ ಪರೀಕ್ಷೆ, ಪರೀಕ್ಷೆ ಮುಗಿದರೆ ಮಳೆಗಾಲ. ಕಾರಣಗಳಿಗೆ ಬರವಿಲ್ಲ.

ಅಸಲು ಕಾರಣ ಹಳ್ಳಿಯ ಚಹಾ ಅಂಗಡಿಯಲ್ಲಿ ಎಲ್ಲರಿಗೂ ಗೊತ್ತು. ಜಿಲ್ಲಾ ಪಂಚಾಯಿತಿ ಸದಸ್ಯ ಇವತ್ತು ನಾಲ್ಕು ಊರು ಓಡಾಡುತ್ತಾನೆ, ನಾಳೆ ಟಿಕೆಟ್ ಕೇಳುತ್ತಾನೆ. ಶಾಸಕರಿಗೆ ಎದುರಾಳಿ ಪಕ್ಷದವನಿಗಿಂತ ಸ್ವಂತ ಪಕ್ಷದ ಈ ಎರಡನೇ ಸಾಲಿನವನ ಭಯ ಹೆಚ್ಚು. ಇನ್ನೊಂದು, ದುಡ್ಡು. ಜಿಲ್ಲಾ ಪಂಚಾಯಿತಿಯಲ್ಲಿ ಚುನಾಯಿತ ಸಭೆ ಇದ್ದರೆ ಯಾವ ಊರಿಗೆ ಯಾವ ಕಾಮಗಾರಿ ಎಂಬುದು ಅಲ್ಲಿ ಜಗಳವಾಡಿ ನಿರ್ಧಾರವಾಗುತ್ತದೆ. ಸಭೆ ಇಲ್ಲದಿದ್ದರೆ ಉಸ್ತುವಾರಿ ಸಚಿವರ ಕೆಡಿಪಿ ಪ್ರಗತಿ ಪರಿಶೀಲನಾ ಸಭೆಯಲ್ಲಿ, ಶಾಸಕರ ಪತ್ರದಲ್ಲಿ ನಿರ್ಧಾರವಾಗುತ್ತದೆ. 224 ಜನರಿಗೆ ಅನುಕೂಲವಾಗಲೆಂದು ಐದು ಸಾವಿರ ಜನರನ್ನು ಮನೆಯಲ್ಲಿ ಕೂರಿಸಲಾಗಿದೆ.

ಇದರಿಂದ ಹಳ್ಳಿಗೆ ಆಗುವ ನಷ್ಟ ಏನು? ನನ್ನ ತಂಗಿಯ ಊರು ಬೇರೆ ಜಿಲ್ಲೆಯಲ್ಲಿದೆ, ಹೆಸರು ಬೇಡ. ಅಲ್ಲಿನ ಶಾಲೆಯ ಒಂದು ಕೋಣೆಯ ಚಾವಣಿ ಮಳೆಗಾಲದಲ್ಲಿ ಸೋರಿ, ಗಾರೆ ಉದುರಿ, ಮಕ್ಕಳನ್ನು ಜಗಲಿಗೆ ಕೂರಿಸಿದ್ದರು. ತಂಗಿ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯೆ. ಗ್ರಾಮ ಪಂಚಾಯಿತಿಯಲ್ಲಿ ಕೇಳಿದರೆ ಪಿಡಿಒ ‘ನಮ್ಮ ಅನುದಾನದಾಗ ಬರಂಗಿಲ್ಲಕ್ಕ, ತಾಲ್ಲೂಕಿಗೆ ಹೋಗ್ರಿ’ ಎಂದರು. ತಾಲ್ಲೂಕು ಪಂಚಾಯಿತಿಯಲ್ಲಿ ಎಂಜಿನಿಯರ್ ಎಸ್ಟಿಮೇಟ್ ಮಾಡಬೇಕು ಎಂದರು. ಎಂಜಿನಿಯರ್ ಶಿಕ್ಷಣ ಇಲಾಖೆ ಪತ್ರ ಬರಬೇಕು ಎಂದರು. ಪತ್ರ ಹೋಯಿತು, ಕ್ರಿಯಾಯೋಜನೆಯಲ್ಲಿ ಸೇರಿಲ್ಲ ಎಂಬ ಉತ್ತರ ಬಂತು. ಕೊನೆಗೆ ಯಾರೋ ಶಾಸಕರ ಆಪ್ತ ಸಹಾಯಕರ ನಂಬರು ಕೊಟ್ಟರು. ಆ ಫೋನು ರಿಂಗಾಗುತ್ತದೆ, ಎತ್ತುವುದಿಲ್ಲ. ‘ಮೊದಲಾಗಿದ್ರ ಜಿಲ್ಲಾ ಪಂಚಾಯ್ತಿ ಮೆಂಬರ್ ಮನಿ ಮುಂದ ಹೋಗಿ ಕೂಡ್ತಿದ್ವಿ’ ಎಂದಳು ತಂಗಿ. ಇಷ್ಟೂ ಕಚೇರಿಗಳಲ್ಲಿ ಯಾರೂ ಲಂಚ ಕೇಳಲಿಲ್ಲ, ಯಾರೂ ಒರಟಾಗಿ ಮಾತಾಡಲಿಲ್ಲ. ಎಲ್ಲರೂ ನಿಯಮ ಹೇಳಿದರು. ನಿಯಮಗಳ ನಡುವೆ ನುಗ್ಗಿ, ಇದು ನನ್ನ ಕ್ಷೇತ್ರದ ಶಾಲೆ, ಈ ಸಲದ ಪಟ್ಟಿಗೆ ಸೇರಿಸಿ ಎಂದು ಸಭೆಯಲ್ಲಿ ಮೇಜು ಕುಟ್ಟುವವರು ಇಲ್ಲ. ಅಧಿಕಾರಿಗೆ ವರ್ಗಾವಣೆ ಬರುತ್ತದೆ, ಓಟಿನ ಭಯ ಇಲ್ಲ. ತಪ್ಪು ಅಧಿಕಾರಿಗಳದ್ದಲ್ಲ. ಮೇಜು ಕುಟ್ಟುವುದು ಅವರ ಕೆಲಸವಲ್ಲ.

ಮೇಲಿನ ಲೆಕ್ಕವೂ ಇದೆ. ಕಾಯ್ದೆಯ ಪ್ರಕಾರ ಜಿಲ್ಲಾ ಪಂಚಾಯಿತಿಯಲ್ಲಿ ಐದು ಸ್ಥಾಯಿ ಸಮಿತಿಗಳಿರಬೇಕು. ಹಣಕಾಸು, ಲೆಕ್ಕಪರಿಶೋಧನೆ, ಶಿಕ್ಷಣ, ಆರೋಗ್ಯ, ಕೃಷಿ, ಸಾಮಾಜಿಕ ನ್ಯಾಯ ಎಲ್ಲ ಅವುಗಳ ಮುಂದೆ ಬರಬೇಕು. ಸದಸ್ಯರೇ ಇಲ್ಲದ ಮೇಲೆ ಸಮಿತಿ ಎಲ್ಲಿಂದ? ಜಿಲ್ಲಾ ಯೋಜನಾ ಸಮಿತಿಯ ಐದರಲ್ಲಿ ನಾಲ್ಕು ಪಾಲು ಸದಸ್ಯರು ಜಿಲ್ಲಾ ಪಂಚಾಯಿತಿ ಮತ್ತು ಪುರಸಭೆಗಳ ಚುನಾಯಿತ ಸದಸ್ಯರೊಳಗಿಂದಲೇ ಬರಬೇಕು ಎನ್ನುತ್ತದೆ ಸಂವಿಧಾನ. ಅದರ ಹಳ್ಳಿಯ ಪಾಲು ಖಾಲಿ. ಜಿಲ್ಲೆಯ ಯೋಜನೆ ಎಂಬುದು ಇಲಾಖೆಗಳ ಪಟ್ಟಿಗಳನ್ನು ಒಟ್ಟಿಗೆ ಹೊಲಿದ ಪುಸ್ತಕವಾಗಿದೆ.

ಜಿಲ್ಲಾ ಪಂಚಾಯಿತಿ ಇಲ್ಲದೆಯೂ ರಾಜ್ಯ ನಡೆದಿದೆಯಲ್ಲ, ಯಾಕೆ ಬೇಕು ಎಂದು ಕೇಳುವ ವಿದ್ಯಾವಂತರಿದ್ದಾರೆ. ನಡೆದಿದೆ, ಹೌದು. ರಾಷ್ಟ್ರಪತಿ ಆಳ್ವಿಕೆಯಲ್ಲೂ ರಾಜ್ಯಗಳು ನಡೆದಿವೆ. ಹಾಗೆಂದು ವಿಧಾನಸಭೆ ಬೇಡ ಎನ್ನುತ್ತೇವೆಯೇ? ಸದಸ್ಯರು ರೆಸಾರ್ಟಿಗೆ ಹೋಗುತ್ತಾರೆ ಎನ್ನುವವರಿಗೆ 2019ರ ಬೇಸಿಗೆ ಮುಗಿದ ಮೇಲೆ ನಮ್ಮ ಶಾಸಕರು ಎಲ್ಲಿದ್ದರು ಎಂದು ಕೇಳಬೇಕು. ಅದಕ್ಕಾಗಿ ವಿಧಾನಸೌಧಕ್ಕೆ ಆಡಳಿತಾಧಿಕಾರಿ ನೇಮಿಸಲಿಲ್ಲ. ಮೂರು ಹಂತ ಹೆಚ್ಚಾಯಿತು, ತಾಲ್ಲೂಕು ಪಂಚಾಯಿತಿ ತೆಗೆದುಬಿಡಿ ಎನ್ನುವ ವಾದದಲ್ಲಿ ಸ್ವಲ್ಪ ಹುರುಳಿದೆ. ಅದರ ಕೈಯಲ್ಲಿ ಹಣವೂ ಕಡಿಮೆ, ಕೆಲಸವೂ ಕಡಿಮೆ. ಆದರೆ ತೆಗೆಯಬೇಕೆಂದಿದ್ದರೆ ಸಂಸತ್ತಿಗೆ ಹೋಗಿ ಸಂವಿಧಾನ ತಿದ್ದಿಸಿ ತೆಗೆಯಿರಿ. ಚರ್ಚೆಯಾಗಲಿ, ಯಾರು ಪರ, ಯಾರು ವಿರೋಧ ಎಂದು ದಾಖಲಾಗಲಿ. ಕಳ್ಳದಾರಿಯಲ್ಲಿ ತೆಗೆಯಬೇಡಿ.

ಮಾಡಬೇಕಾದದ್ದು ಕಷ್ಟದ್ದೇನಲ್ಲ. ಮೊದಲನೆಯದು, ಕ್ಷೇತ್ರ ವಿಂಗಡಣೆ ಮತ್ತು ಮೀಸಲಾತಿ ನಿಗದಿಯ ಅಧಿಕಾರವನ್ನು ಚುನಾವಣಾ ಆಯೋಗಕ್ಕೆ ಮರಳಿಸಬೇಕು. ಪರೀಕ್ಷೆಯ ದಿನಾಂಕವನ್ನು ವಿದ್ಯಾರ್ಥಿಯ ಕೈಗೆ ಕೊಟ್ಟರೆ ಪರೀಕ್ಷೆ ನಡೆಯುವುದಿಲ್ಲ ಎಂಬುದು ಯಾವ ಮೇಷ್ಟ್ರಿಗೂ ಗೊತ್ತು.

ಎರಡನೆಯದು, ಅವಧಿ ಮುಗಿಯಲು ಆರು ತಿಂಗಳು ಇರುವಾಗ ಹೊಸ ಪಟ್ಟಿ ಸಿದ್ಧವಾಗದಿದ್ದರೆ ಹಳೆಯ ಕ್ಷೇತ್ರಗಳಲ್ಲೇ ಚುನಾವಣೆ ಎಂದು ಕಾಯ್ದೆಯಲ್ಲಿ ಬರೆಯಬೇಕು. 2022ರ ಮೇ ತಿಂಗಳಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರ ಸಾರವೂ ಅದೇ. ವಿಂಗಡಣೆ ಬಾಕಿ ಇದೆ ಎಂಬ ನೆಪಕ್ಕೆ ಚುನಾವಣೆ ನಿಲ್ಲಿಸುವಂತಿಲ್ಲ. ಹಳೆಯ ಕ್ಷೇತ್ರಗಳಲ್ಲಿ ಜನಸಂಖ್ಯೆ ಏರುಪೇರಾಗಿರಬಹುದು, ಒಂದಿಷ್ಟು ಅನ್ಯಾಯವೂ ಆಗಬಹುದು. ಸದಸ್ಯನೇ ಇಲ್ಲದಿರುವುದಕ್ಕಿಂತ ದೊಡ್ಡ ಅನ್ಯಾಯ ಅದಲ್ಲ.

ಮೂರನೆಯದು, ದಂಡ ಸರಿಯಾದ ಜೇಬಿಗೆ ಬೀಳಬೇಕು. ಕೋರ್ಟಿನ ಐದು ಲಕ್ಷ ಸರ್ಕಾರದ ಖಜಾನೆಯಿಂದ ಹೋಗುತ್ತದೆ, ಯಾರಿಗೂ ಚುರುಕು ಮುಟ್ಟುವುದಿಲ್ಲ. ಕೇಂದ್ರ ಹಣಕಾಸು ಆಯೋಗದ ಅನುದಾನಕ್ಕೆ ಚುನಾಯಿತ ಮಂಡಳಿ ಇರಬೇಕೆಂಬ ಷರತ್ತು ಇದೆ, ಅದರ ಏಟು ಬೀಳುವುದೂ ಹಳ್ಳಿಯ ಮೇಲೆಯೇ. ನಮ್ಮ ಶಾಸಕರಿಗೆ ವರ್ಷಕ್ಕೆ ಎರಡು ಕೋಟಿ ರೂಪಾಯಿಯ ಪ್ರದೇಶಾಭಿವೃದ್ಧಿ ನಿಧಿ ಇದೆ. ಒಂದು ಜಿಲ್ಲೆಯ ಪಂಚಾಯಿತಿಗೆ ಚುನಾಯಿತ ಸದಸ್ಯರಿಲ್ಲದಷ್ಟು ಕಾಲ ಆ ಜಿಲ್ಲೆಯ ಶಾಸಕರ ಈ ನಿಧಿಯೂ ಖಜಾನೆಯಲ್ಲೇ ಇರಲಿ. ಆಡಳಿತ ಪಕ್ಷ, ವಿರೋಧ ಪಕ್ಷ ಎಂಬ ಭೇದ ಬೇಡ. ಹೀಗೊಂದು ಸಾಲಿನ ತಿದ್ದುಪಡಿ ತನ್ನಿ, ಆಮೇಲೆ ನೋಡಿ, ಇಷ್ಟು ವರ್ಷ ಮುಗಿಯದ ಕ್ಷೇತ್ರ ವಿಂಗಡಣೆ ಎಷ್ಟು ವಾರದಲ್ಲಿ ಮುಗಿಯುತ್ತದೆ ಅಂತ.